ಸಿಲ್ವೇರಿಯೊನ ಮೂರನೇ ಸುತ್ತು

ಮಾರ್ಚ್ 4, ಸೋಮವಾರ

ಇವತ್ತು ಹನ್ನೊಂದು ಸಲ ಸತ್ತೆ. ನಿನ್ನೆ ಒಂಬತ್ತು. ದಿನದಿಂದ ದಿನಕ್ಕೆ ದಡ್ಡನಾಗುತ್ತಿದ್ದೇನೆ.

ಕೊಲ್ಲುತ್ತಿರುವವನು ಸಿಲ್ವೇರಿಯೊ. ನನಗೆ ಮಚ್ಚಿನ ವರಸೆ ಕಲಿಸಿದವನು. ನಲವತ್ತೊಂದು ವರ್ಷಗಳಿಂದ ಗೆಳೆಯ. ಹೋದ ಆಗಸ್ಟಿನಲ್ಲಿ ನಾವೇ ಹೊತ್ತು ಹೂಳಿ ಬಂದೆವು. ಈಗ ಅವನದೇ ಮನೆಯ ಟಿವಿಯಲ್ಲಿ ಕೊಂಬಿನ ಮುಖವಾಡ ಹಾಕಿಕೊಂಡು ನನ್ನ ಮೇಲೆ ಬೀಳುತ್ತಾನೆ. ಮುಖ ಅವನದಲ್ಲ. ನಡಿಗೆ ಅವನದೇ, ಬಲ ಭುಜ ಒಂದಿಷ್ಟು ತಗ್ಗಿಸಿ. ಸಾಯುವ ಹಿಂದಿನ ವರ್ಷ ಕಾಲಿ ಪಟ್ಟಣದ ಗೇಮ್ ಕಂಪನಿಯವರು ಕರೆಸಿಕೊಂಡು, ಮೈಗಂಟುವ ಕಪ್ಪು ಬಟ್ಟೆ ತೊಡಿಸಿ, ಅವನ ವರಸೆಗಳನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡರು. ಗೇಮ್ ತಯಾರಾದ ಮೇಲೆ ಅದನ್ನೂ ಆಡುವ ಪೆಟ್ಟಿಗೆಯನ್ನೂ ಅವನ ಹೆಂಡತಿ ಎರ್ಮಿಲಾಗೆ ಕಳಿಸಿದರು. ಅವಳಿಗೆ ಅದು ಬೇಡ. ನನಗೆ ಬೇಕು. ಹಾಗಾಗಿ ದಿನಾ ಮಧ್ಯಾಹ್ನ ಊಟವಾದ ಮೇಲೆ ಹೋಗುತ್ತೇನೆ.

"ಬಂದ್ರಾ ಕೊಂಪಾದ್ರೆ, ಸಾಯೋಕೆ?" ಎಂದು ಬಾಗಿಲು ತೆಗೆಯುತ್ತಾಳೆ. ಚರ್ಚಿನಲ್ಲಿ ಅವಳ ಮಗಳ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ಮಗುವನ್ನು ಎತ್ತಿಕೊಂಡವನು ನಾನು. ಅಂದಿನಿಂದ ಅವಳಿಗೆ ನಾನು ಕೊಂಪಾದ್ರೆ, ನನಗೆ ಅವಳು ಕೊಮಾದ್ರೆ.

ಮಾರ್ಚ್ 6

ಯಾಕೆ ಆಡುತ್ತಿದ್ದೇನೆ ಎಂದು ಬರೆದಿಡಬೇಕು. ಬೇರೆ ಯಾರಿಗೂ ಹೇಳುವಂತಿಲ್ಲ.

ನಮ್ಮ ಕಡೆ ವರಸೆ ಕಲಿಸುವ ಪ್ರತಿಯೊಬ್ಬ ಮೇಷ್ಟ್ರೂ ಒಂದು ಪಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಕೊನೆಯದು. ಶಿಷ್ಯ ತಿರುಗಿಬಿದ್ದರೆ ಬೇಕಾಗುತ್ತದಲ್ಲ. ಶಿಷ್ಯ ಯೋಗ್ಯ ಅನ್ನಿಸಿದರೆ ಒಂದು ದಿನ ಕೊಡುತ್ತಾನೆ, ಇಲ್ಲವಾದರೆ ಮಣ್ಣಿಗೆ ಒಯ್ಯುತ್ತಾನೆ. ಸಿಲ್ವೇರಿಯೊ ನನಗೆ ಕೊಡಲಿಲ್ಲ. ನಾನು ಕೇಳಲಿಲ್ಲ. ಕೇಳಿ ಪಡೆಯುವುದು ಭಿಕ್ಷೆ ಎಂದು ನನ್ನಪ್ಪ ತಲೆಗೆ ತುಂಬಿದ್ದ.

ಪೆಟ್ಟಿಗೆ ಬಂದ ದಿನ ಕಂಪನಿಯ ಹುಡುಗಿ ಫೋನ್ ಮಾಡಿದ್ದಳು. ಎರ್ಮಿಲಾ ಫೋನನ್ನು ನನ್ನ ಕೈಗೆ ಕೊಟ್ಟಳು. "ಮೂರನೇ ಸುತ್ತಿನವರೆಗೂ ಹೋಗಿ ಸರ್, ಮೇಷ್ಟ್ರು ಎಲ್ಲಾ ಕೊಟ್ಟುಬಿಟ್ಟಿದಾರೆ. ಏನೂ ಉಳಿಸ್ಕೊಂಡಿಲ್ಲ" ಅಂದಳು ಖುಷಿಯಿಂದ.

ಎಲ್ಲಾ! ಗುರುತು ಪರಿಚಯವಿಲ್ಲದ ಮಕ್ಕಳಿಗೆ. ನನಗಿಲ್ಲದ್ದು.

ನೋಡಲೇಬೇಕು. ಮೊದಲ ಸುತ್ತೇ ದಾಟಿಲ್ಲ.

ಮಾರ್ಚ್ 7, ಮಧ್ಯಾಹ್ನ 3:40

ಹದಿನಾಲ್ಕು ಸಲ. ಅವನ ಹೊಡೆತ ನನಗೆ ಗೊತ್ತು — ಅದೇ ಅವಮಾನ. ಎಲ್ಲಿಂದ ಬರುತ್ತದೆ, ಎಲ್ಲಿಗೆ ಬೀಳುತ್ತದೆ, ನಿದ್ದೆಯಲ್ಲೂ ಹೇಳುತ್ತೇನೆ. ತಡೆಯಲು ಬಟನ್ ಒತ್ತುತ್ತೇನೆ. ಸಾಯುತ್ತೇನೆ.

ಎರ್ಮಿಲಾ ಮೊದಮೊದಲು ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಇವತ್ತು ತಿರುಗಿ ನೋಡಿದಳು. ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದ ಕೈ ನಿಂತಿತು.

"ಅಯ್ಯೋ, ಅವರೇ ನಡ್ಕೊಂಡು ಬಂದಂಗಿದೆಯಲ್ರೀ."

"ಹೂಂ."

"ಬದುಕಿದ್ದಾಗಲೂ ನಿಮ್ಮನ್ನ ಹಿಂಗೇ ಹೊಡೀತಿದ್ರು, ಬಿಡಿ."

ನಗು ಬಂತು. ಆಗಸ್ಟಿನ ನಂತರ ಮೊದಲ ಸಲ ಇರಬೇಕು. ಮನೆಗೆ ಬಂದ ಮೇಲೆ ಆ ನಗುವಿಗೆ ಜೊತೆಯೇ ಇರಲಿಲ್ಲ. ವರಸೆ ಆಡಲು ಇಬ್ಬರು ಬೇಕು. ಕಲಿತವರೆಲ್ಲ ಬಿಟ್ಟುಬಿಟ್ಟರು, ಊರಲ್ಲಿ ಈಗಲೂ ಆಡುವವನು ನಾನೊಬ್ಬನೇ.

ಮಾರ್ಚ್ 12

ಗೇಮೇ ಕೇಳಿತು: ತುಂಬಾ ಸಲ ಸೋತಿದ್ದೀರಿ, ಸುಲಭ ಮಾಡಲೇ?

ಅರವತ್ತಾರು ವರ್ಷದವನಿಗೆ, ಈ ಊರಿನ ಅರ್ಧ ಗಂಡಸರಿಗೆ ಮಚ್ಚು ಹಿಡಿಯುವುದನ್ನು ಕಲಿಸಿದವನಿಗೆ, ಒಂದು ಪೆಟ್ಟಿಗೆ ಕೇಳುತ್ತದೆ — ಸುಲಭ ಮಾಡಲೇ ಅಂತ.

'ಹೌದು' ಒತ್ತಿದೆ. ಒತ್ತಿದ್ದು ನಾನೇ. ಸುಳ್ಳು ಬರೆಯುವುದಿಲ್ಲ.

ಸಿಲ್ವೇರಿಯೊ ನಿಧಾನವಾಗಿ ಬಂದ. ಜ್ವರ ಬಂದವನ ಹಾಗೆ ಕೈ ಎತ್ತಿದ. ನಾಲ್ಕೇ ಹೊಡೆತಕ್ಕೆ ಮೊಣಕಾಲೂರಿದ. ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ಲೋಟ ಎತ್ತಲು ಹೀಗೇ ಒದ್ದಾಡುತ್ತಿದ್ದ. ಆಫ್ ಮಾಡಿಬಿಟ್ಟೆ. ಎರ್ಮಿಲಾ ಕಾಫಿ ಕೊಟ್ಟಳು. ಕುಡಿಯದೆ ಎದ್ದು ಬಂದೆ.

ಮಾರ್ಚ್ 21

ಹೋಗಲಿಲ್ಲ ಇಷ್ಟು ದಿನ. ಕಟಾವಿಗೆಂದು ಕಬ್ಬಿನ ಗದ್ದೆಗೆ ಬೆಂಕಿ ಹಾಕಿದ್ದಾರೆ, ಅಂಗಳದ ತುಂಬ ಬೂದಿ. ಗುಡಿಸುವುದು, ಮತ್ತೆ ಬೀಳುವುದು. ಒಂಬತ್ತು ದಿನದಲ್ಲಿ ಒಂಬತ್ತು ಜನರ ಜೊತೆಯೂ ಮಾತಾಡಿಲ್ಲ.

ಇವತ್ತು ಎರ್ಮಿಲಾ ತಾನೇ ಬಂದಳು, ಗೇಟಿನ ಹತ್ತಿರ ನಿಂತು, ಒಳಗೆ ಬರದೆ.

"ಸೋತು ಓಡಿಹೋದೋರ ಮನೆ ಇದೇನಾ?"

"ಕಾಲು ನೋವು."

"ಬಟನ್ ಒತ್ತೋಕೆ ಕಾಲು ಯಾಕ್ರೀ?" ಎಂದಳು. ಆಮೇಲೆ ದನಿ ತಗ್ಗಿಸಿ, "ಏಪ್ರಿಲ್ ಎರಡಕ್ಕೆ ಹೊರಡ್ತಿದೀನಿ. ಟುಮಾಕೊಗೆ, ತಂಗಿ ಮನೆಗೆ. ಟಿವಿ, ಪೆಟ್ಟಿಗೆ ಎಲ್ಲಾ ಹೋಗತ್ತೆ. ನೋಡೋದಿದ್ರೆ ಅಷ್ಟರೊಳಗೆ ಬನ್ನಿ."

ಹನ್ನೆರಡು ದಿನ. ಬೂದಿ ಜಾಸ್ತಿ ಇದೆ, ಬಟ್ಟೆ ಒಳಗೆ ಒಣಗಿಸಿ ಅಂದೆ. ಎಂಥ ಪೆದ್ದ.

ಮಾರ್ಚ್ 22

ತಪ್ಪು ಸಿಕ್ಕಿತು! ಹಿಡಿದುಕೊಟ್ಟವಳು ಎರ್ಮಿಲಾ.

ಸುಲಭ ಮಾಡಿದ್ದನ್ನು ತೆಗೆದುಹಾಕಿ ಮತ್ತೆ ಮೊದಲಿನ ಹಾಗೇ ಆಡುತ್ತಿದ್ದೆ. ಅವಳು ನನ್ನ ಪಕ್ಕ ಕೂತು ನೋಡುತ್ತಿದ್ದಳು — ಟಿವಿಯನ್ನಲ್ಲ, ನನ್ನನ್ನು.

"ನಿಮ್ಮ ಹೆಬ್ಬೆಟ್ಟು ಮುಂಚೆನೇ ಒತ್ತತ್ತೆ ಕೊಂಪಾದ್ರೆ. ಅವರಿನ್ನೂ ಕೈ ಬೀಸಿರಲ್ಲ. ಊಟಕ್ಕೆ ಕರೆದಾಗಲೂ ನೀವು ಹಿಂಗೇ, ಅನ್ನ ಬೇಯೋ ಮುಂಚೆ ಬಾಗಿಲಲ್ಲಿ."

ಎಲ್ಲಿ ನೋಡುತ್ತಿದ್ದೀರಿ ಅಂತ ಕೇಳಿದಳು. ಪಾದ ಅಂದೆ. ಮತ್ತೆಲ್ಲಿ ನೋಡಬೇಕು? ಕಬ್ಬಿಣ ನೋಡಿದವನು ಸತ್ತ, ಪಾದ ನೋಡಿದವನು ಬದುಕಿದ — ಸಿಲ್ವೇರಿಯೊ ಮೊದಲ ದಿನ ಕಲಿಸಿದ್ದೇ ಅದು. ಪಾದ ತಿರುಗಿದ ಕ್ಷಣವೇ ನನ್ನ ತಡೆ ಎದ್ದುಬಿಡುತ್ತದೆ. ನಿಜವಾದ ಮಚ್ಚಿಗೆ ಅದು ಸರಿ. ಗೇಮಿಗೆ ಅಲ್ಲ. ಅದು ಒಪ್ಪುವುದು ಮಚ್ಚು ಮೈಗೆ ತಾಗುವ ಕಡೆಯ ಚೂರು ಹೊತ್ತಿನಲ್ಲಿ ಒತ್ತಿದರೆ ಮಾತ್ರ. ನಾನು ಪ್ರತಿ ಸಲ ಅರ್ಧ ಉಸಿರು ಮುಂಚೆ. ಚೆನ್ನಾಗಿ ಕಲಿತದ್ದಕ್ಕೇ ಸಾಯುತ್ತಿದ್ದೆ.

ಗೊತ್ತಾದರೂ ಕಣ್ಣು ಕೇಳುವುದಿಲ್ಲ. ಪಾದಕ್ಕೇ ಹೋಗುತ್ತದೆ. ಹತ್ತೊಂಬತ್ತು ಸಲ.

ಮಾರ್ಚ್ 25

ಎರ್ಮಿಲಾ ಟಿವಿಯ ಕೆಳಗಿನ ಅರ್ಧಕ್ಕೆ ಟವೆಲ್ ಕಟ್ಟಿದಳು! ಸಿಲ್ವೇರಿಯೊನ ಸೊಂಟದಿಂದ ಕೆಳಗೆ ಏನೂ ಕಾಣುವುದಿಲ್ಲ.

"ಈಗ ನೋಡಿ, ಏನು ನೋಡ್ತೀರೋ."

ಮೊದಲು ಕುರುಡನಾದ ಹಾಗಾಯಿತು. ಆಮೇಲೆ ಕೈ ಕಾಣತೊಡಗಿತು, ಮಣಿಕಟ್ಟು, ಮಚ್ಚಿನ ಅಂಚು. ಕಾದೆ. ಕಾಯುವುದು ಎಷ್ಟು ಕಷ್ಟ... ಮೈಯೆಲ್ಲ ಒತ್ತು ಒತ್ತು ಅನ್ನುತ್ತದೆ. ಒತ್ತಲಿಲ್ಲ. ಇನ್ನೇನು ಬಿದ್ದೇಬಿಟ್ಟಿತು ಅನ್ನುವಾಗ ಒತ್ತಿದೆ. ಠಣ್!

ನಾಲ್ಕು ಗಂಟೆಗೆ ಮೊದಲ ಸುತ್ತು ದಾಟಿತು. ಎರ್ಮಿಲಾ ಚಪ್ಪಾಳೆ ತಟ್ಟಿದಳು. ಗೋಡೆಗಳು ಆಗಲೇ ಬೋಳು, ಫೋಟೋಗಳೆಲ್ಲ ರಟ್ಟಿನ ಡಬ್ಬದಲ್ಲಿ. ಚಪ್ಪಾಳೆ ಜೋರಾಗಿ ಕೇಳಿಸಿತು.

ಮಾರ್ಚ್ 28

ಎರಡನೇ ಸುತ್ತು ಮುಗಿಯಿತು. ಮೂರನೆಯದರಲ್ಲಿ ಆರು ಸಲ ಸತ್ತೆ. ಸಿಲ್ವೇರಿಯೊ ಈ ಸುತ್ತಿನಲ್ಲಿ ಎರಡೂ ಕೈಯಲ್ಲಿ ಆಡುತ್ತಾನೆ. ಒಂದೊಂದು ಹೊಡೆತ ಬಂದಾಗಲೂ ಟಿವಿಯ ಕಡೆ ಬಾಗುತ್ತೇನೆ — ಇದೇನಾ? ಇದೇ ಅದಾ? ಅಲ್ಲ. ಎಲ್ಲಾ ನನಗೆ ಗೊತ್ತಿರುವವೇ. ನನಗೆ ಕೊಟ್ಟವೇ.

ಇರಬೇಕು ಇನ್ನೂ ಮುಂದೆ.

ಮಾರ್ಚ್ 30, ಶನಿವಾರ, ಮಧ್ಯಾಹ್ನ 3:20

ಎರ್ಮಿಲಾಳ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ಟಿವಿ ಆರಿಸಿಲ್ಲ.

ದಾಟಿದೆ. ಅವನ ಬಲವೆಲ್ಲ ತೀರಿತು. ಕೊನೆಯ ಪಟ್ಟು ಈಗ ಬರುತ್ತದೆ ಎಂದು ಉಸಿರು ಹಿಡಿದೆ. ಬರಲಿಲ್ಲ. ಅವನು ನಿಂತುಬಿಟ್ಟ. ಟವೆಲ್ ಎತ್ತಿ ನೋಡಿದೆ. ಎಡಗಾಲು ಹಿಂದೆ, ಮಚ್ಚಿನ ತುದಿ ನೆಲಕ್ಕೆ, ಕೊರಳು ಒಡ್ಡಿಕೊಂಡು, ಮುಖ ನನ್ನ ಕಡೆ. ಸುಮ್ಮನೆ. ಕೆಳಗೆ ಬರಹ: ಮುಗಿಸಲು ಬಟನ್ ಒತ್ತಿ.

ಈ ನಿಲುವು ಕಂಡಿದ್ದೇನೆ. ಪ್ರತಿ ಭಾನುವಾರ, ನಮ್ಮಿಬ್ಬರ ವರಸೆ ಮುಗಿದ ಮೇಲೆ, ಇದೇ ಮನೆಯ ಅಂಗಳದಲ್ಲಿ. ಸುಸ್ತಾಗಿದ್ದಾನೆ ಅಂದುಕೊಳ್ಳುತ್ತಿದ್ದೆ. ಹ್ಯಾಟ್ ಹಾಕಿಕೊಂಡು ಹೊರಡುತ್ತಿದ್ದೆ.

ಎರ್ಮಿಲಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಹಿಂಗೇ ನಿಲ್ತಿದ್ರು. ನೀವು ಗೇಟು ದಾಟಿದ ಮೇಲೂ ಒಂದು ಗಳಿಗೆ ಹಂಗೇ. ಆಮೇಲೆ ಒಳಗೆ ಬಂದು, ಇವತ್ತೂ ಕೇಳಲಿಲ್ಲ ನೋಡೇ ಅವನು, ಅಂತಿದ್ರು."

"ಏನು ಕೇಳಲಿಲ್ಲ?"

"ನಂಗೇನ್ರೀ ಗೊತ್ತು? ಕೇಳಿದ್ರೆ ಕೊಡ್ತಿದ್ದೆ, ಕೇಳದೇ ಇರೋನಿಗೆ ಕೊಟ್ರೆ ಅದು ದಾನ ಆಗತ್ತೆ, ಅವನು ದಾನ ತಗೊಳೋನಲ್ಲ, ಅಂತಿದ್ರು."

"ನೀವ್ಯಾಕೆ ಹೇಳಲಿಲ್ಲ ಕೊಮಾದ್ರೆ? ಒಂದೇ ಒಂದು ಸಲ?"

"ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ ಅಂದ್ಕೊಂಡೆ." ಅವಳ ಕಣ್ಣು ತುಂಬಿತ್ತು. "ತಪ್ಪಾಯ್ತು."

ಅವಳದಲ್ಲ ತಪ್ಪು. ಕಂಪನಿಯ ಮಕ್ಕಳಿಗೂ ಅವನು ಕೊಟ್ಟಿಲ್ಲ. ಯಾರಿಗೂ ಕೊಟ್ಟಿಲ್ಲ. ಕೊನೆಗೆ ಕ್ಯಾಮೆರಾ ಮುಂದೆಯೂ ನಿಂತು ಕಾದಿದ್ದಾನೆ. ಎರಡು ಸಾವಿರ ಭಾನುವಾರ ನನ್ನ ಮುಂದೆ ನಿಂತಿದ್ದ, ನಾನು ಅವನ ಪಾದ ನೋಡುತ್ತಿದ್ದೆ.

ಎರ್ಮಿಲಾ ಸಾಮಾನು ಕಟ್ಟುತ್ತೇನೆ ಎಂದು ಒಳಗೆ ಹೋದಳು. ಬೇಕೆಂದೇ ಹೋದಳು. ಅವನಿನ್ನೂ ನಿಂತೇ ಇದ್ದಾನೆ. ಬಟನ್ ಒತ್ತುವವರೆಗೂ ನಿಂತಿರುತ್ತಾನಂತೆ. ನಾನು ಒತ್ತುವುದಿಲ್ಲ. ಎದ್ದು ಟಿವಿಯ ಮುಂದೆ ಹೋಗಿ ನಿಂತೆ. ಒಂದು ದಿನವೂ ಹಾಗೆ ಕರೆದವನಲ್ಲ, ಇವತ್ತು ಕರೆದೆ. ಜೋರಾಗಿಯೇ. ಮೇಷ್ಟ್ರೇ, ಆ ಕೊನೇದನ್ನ ನಂಗೆ —