ನಾಳೆ ಓದುವ ಹೆಸರುಗಳು

ಶನಿವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ಮಗಳಿಗೆ,

ಆಶೀರ್ವಾದಗಳು ಎಂದು ಬರೆಯುವ ಹಾಗಿಲ್ಲ. ಆದರೆ ಬರೆದಾಯಿತು, ಇನ್ನು ಹೊಡೆದುಹಾಕುವುದಿಲ್ಲ, ಕಾಗದ ಗಲೀಜಾಗುತ್ತದೆ. ಬಿಟ್ಟುಹೋದ ನಿನ್ನೊಡನೆ ಮಾತಾಡಬಾರದು ಎಂದು ನಮ್ಮ ಪ್ರಾರ್ಥನಾ ಸಭೆಯ ನಿಯಮವಿದೆ. ಹೆಸರಿನ ಕೊನೆಯ ಓದು ಆಗುವವರೆಗೆ ಬರೆಯಬಾರದು ಎಂದು ಮಾತ್ರ ಎಲ್ಲೂ ಹೇಳಿಲ್ಲ. ಆ ಓದು ನಾಳೆ ಬೆಳಿಗ್ಗೆ. ಹಾಗಾಗಿ ಇವತ್ತು ಬರೆದರೆ ನಾನು ಯಾವ ನಿಯಮವನ್ನೂ ಮುರಿದಂತಾಗುವುದಿಲ್ಲ. ಅಮ್ಮ ಸಡಿಲವಾದಳು ಎಂದು ನೀನು ಹಿಗ್ಗುವ ಮೊದಲೇ ಇದನ್ನು ಹೇಳಿಬಿಡುತ್ತೇನೆ.

ಹೊಟ್ಟೆಯ ಹೊಲಿಗೆ ಬಿಚ್ಚಿದರೋ ಇಲ್ಲವೋ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಉತ್ತರ ಬರೆಯುತ್ತೀಯ, ಅದು ಮೊದಲು ನಿನ್ನ ಅತ್ತಿಗೆಯ ಕೈಗೆ ಸಿಗುತ್ತದೆ. ಬಿಚ್ಚಿದ್ದರೂ ತುಂಬಿದ ಬಕೆಟ್ ಎತ್ತಬೇಡ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಮಲಗಿದ್ದವಳು ದಡಕ್ಕನೆ ಏಳುವ ಚಾಳಿ ನಿನ್ನದು, ಅದನ್ನು ಬಿಡು.

ಬರೆಯಲು ಕಾರಣ ಇಷ್ಟೇ. ಆಸ್ಪತ್ರೆಯಲ್ಲಿ ನಾನು ನಿನಗೆ ಏನು ಹೇಳಿದೆ ಎಂಬುದು ನಿನಗೆ ಸರಿಯಾಗಿ ಮುಟ್ಟಿಲ್ಲ. ನೀನು ಮಂಪರಿನಲ್ಲಿದ್ದೆ, ನಡುವೆ ಇದ್ದವಳು ನಿನ್ನ ಹೊಸ ಗುಂಪಿನ ಆ ದರ್ಜಿ.

ಅವಳು ನಮ್ಮ ಗೇಟಿನ ಹತ್ತಿರ ನಿಂತು, ನಿಮ್ಮ ಮಗಳಿಗೆ ಆಪರೇಷನ್ ಆಗಿದೆ ಎಂದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ಅವಳ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ಅದನ್ನು ತೆಗೆದಿಟ್ಟು ಬರುವ ವ್ಯವಧಾನವೂ ಇರಲಿಲ್ಲ ಹೆಂಗಸಿಗೆ. ನನಗೆ ಮಗಳಿಲ್ಲ ಎಂದೆ. ಅವಳು, "ಆಯ್ತು ಬಿಡಿ. ಇಲ್ಲದ ಮಗಳ ವಾರ್ಡ್ ನಂಬರ್ ಇದು," ಎಂದು ಹೇಳಿ ಹೊರಟುಹೋದಳು. ಎಷ್ಟು ಕೊಬ್ಬು ನೋಡು.

ಕಾಯಿಲೆ ಬಿದ್ದಾಗ ಮೂರನೆಯವರ ಮೂಲಕ ಮಾತಾಡಬಹುದು ಎಂಬ ನಿಯಮ ಇರುವುದರಿಂದ ಬಂದೆ. ನಿಯಮದಂತೆ ಕಿಟಕಿಗೆ ಮುಖ ಮಾಡಿ ನಿಂತು ದರ್ಜಿಗೆ ಹೇಳಿದೆ: "ಕೂದಲು ಬಾಚ್ಕೊಳ್ಳದೆ ಬಿದ್ಕೊಂಡಿದಾಳೆ, ನೋಡಿದವರು ಏನಂದ್ಕೋತಾರೆ ಅಂತ ಅವಳಿಗೆ ಹೇಳಿ." ಅವಳು ನಿನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ್ದೇನು? "ಏಳೇ, ನಿಮ್ಮಮ್ಮ ತಲೆ ಬಾಚ್ತಾರಂತೆ."

"ನಾನು ಹಾಗೆ ಹೇಳಲಿಲ್ಲ," ಎಂದೆ.

"ನೀವು ಅಷ್ಟು ದೂರ ಕಿಟಕಿಗೆ ಹೇಳಿದ್ರೆ ನನಗೆ ಹಾಗೇ ಕೇಳ್ಸೋದು. ತಗೊಳ್ಳಿ ಬಾಚಣಿಗೆ."

ತಲೆ ಬಾಚಬಾರದು ಎಂದು ನಿಯಮದಲ್ಲಿ ಇಲ್ಲವಾದ್ದರಿಂದ ಬಾಚಿದೆ. ನಿನ್ನ ಕೂದಲು ಅರ್ಧಕ್ಕರ್ಧ ಉದುರಿದೆ. ಎಣ್ಣೆ ಹಚ್ಚುವವರು ಯಾರೂ ಇಲ್ಲವೇ ಆ ಮನೆಯಲ್ಲಿ?

ಆಮೇಲೆ ನಾನು, ಈ ಜನರ ಜೊತೆ ಇನ್ನೆಷ್ಟು ದಿನ ಅಂತ ಕೇಳಿ ಎಂದೆ. ಅದನ್ನು ನಿನಗೆ ದಾಟಿಸಲೇ ಇಲ್ಲ ಮಹಾರಾಯಿತಿ. "ಅವಳು ಹೋಗ್ತೀನಿ ಅಂದ್ರೂ ನಾವು ಬಿಡಲ್ಲ. ನಮ್ಮಲ್ಲಿ ಅವಳೊಬ್ಬಳಿಗೇ ರಾಗ ಬರೋದು. ಉಳಿದವರು ಶುರು ಮಾಡಿದ್ರೆ ಬೀದಿ ನಾಯಿಗಳೂ ಎದ್ದು ಹೋಗ್ತವೆ," ಎಂದು ನನಗೇ ಉತ್ತರ ಕೊಟ್ಟಳು.

ಅಷ್ಟು ಹೊತ್ತಿಗೆ ನಿನ್ನ ಜನ ಬಂದರು. ಕಟಿಂಗ್ ಅಂಗಡಿಯವನು, ಅವನ ಹೆಂಡತಿ, ಖಾಕಿ ಅಂಗಿಯ ಆ ಬಸ್ ಡ್ರೈವರು. ಒಬ್ಬರ ಕೈಯಲ್ಲಿ ಹಾಲಿನ ಫ್ಲಾಸ್ಕು, ಒಬ್ಬರ ಕೈಯಲ್ಲಿ ಒಗೆದ ಬಟ್ಟೆ. ರಾತ್ರಿ ಯಾರು ಉಳಿಯಬೇಕು ಎಂದು ಮಂಚದ ಪಕ್ಕದಲ್ಲೇ ಜಗಳ. ನಾನು ಇದ್ದೇನೆ ಎಂದು ಯಾರೂ ತಗ್ಗಿದ ದನಿಯಲ್ಲಿ ಮಾತಾಡಲಿಲ್ಲ, ಯಾರೂ ನನ್ನನ್ನು ದೂರ ಕೂರಿಸಲೂ ಇಲ್ಲ. ಒಂದು ಸ್ಟೂಲು ಎಳೆದುಕೊಟ್ಟರು. ಇವರೆಲ್ಲ ನಮ್ಮಂಥ ಒಂದಲ್ಲ ಒಂದು ಸಭೆಯಿಂದ ಹೊರಬಿದ್ದವರೇ ಎಂದು ಆಗ ತಿಳಿಯಿತು. ಡ್ರೈವರನ್ನು, ನಿಮ್ಮ ಮನೆಯವರು ಎಲ್ಲಿ ಎಂದು ಕೇಳಿದೆ. ಕೇಳಬಾರದಿತ್ತು.

"ನನ್ನ ಹೆಸರು ಓದಿ ಆಯ್ತಮ್ಮ, ಬಹಳ ವರ್ಷ ಆಯ್ತು," ಎಂದ. "ಒಂದೊಂದ್ಸಲ ನಮ್ಮಪ್ಪ ನನ್ನ ಬಸ್ಸಿಗೇ ಹತ್ತಾರೆ. ಹಿಂದಿನ ಬಾಗಿಲಲ್ಲಿ ಹತ್ತಿ ಹಿಂದಿನ ಬಾಗಿಲಲ್ಲೇ ಇಳೀತಾರೆ. ಕನ್ನಡೀಲಿ ಕಾಣ್ತಾರೆ. ಮಂಡಿ ನೋವು ಅವರಿಗೆ, ಅದಕ್ಕೆ ಅವರ ಸ್ಟಾಪಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸ್ತೀನಿ. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡ್ಕೊಳ್ಳಲಿ."

ನಗುತ್ತಲೇ ಹೇಳಿದ.

ಆಮೇಲೆ ಪ್ರಾರ್ಥನೆ. ಗಂಡಸರು ಹೆಂಗಸರು ಒಟ್ಟಿಗೆ, ತಲೆಗೆ ಬಟ್ಟೆಯಿಲ್ಲದೆ, ಕಣ್ಣು ತೆರೆದುಕೊಂಡು! "ದೇವರೇ, ಇವಳ ಹೊಟ್ಟೆ ಹೊಲಿದ ಡಾಕ್ಟರಿಗೆ ಒಳ್ಳೇ ಕನ್ನಡಕ ಕೊಡಪ್ಪ, ನಮ್ಮ ದರ್ಜಿ ಇದಕ್ಕಿಂತ ನೇರ ಹಾಕ್ತಾಳೆ," ಎಂದು ಆ ಡ್ರೈವರು ದೇವರ ಜೊತೆ ಪಕ್ಕದ ಸೀಟಿನವನ ಜೊತೆ ಹರಟುವ ಹಾಗೆ ಮಾತಾಡಿದ. ನಾನು ನಕ್ಕೆ ಎಂದು ದರ್ಜಿ ನಿನಗೆ ಹೇಳಿದ್ದರೆ ಅದು ಸುಳ್ಳು. ನಾನು ಕೆಮ್ಮಿದೆ.

ಕೊನೆಗೆ ಹಾಡು. ನೀನು ಕಣ್ಣು ಮುಚ್ಚಿಕೊಂಡೇ ಮೊದಲ ಸಾಲು ಎತ್ತಿದೆ. ದನಿಯೇ ಇರಲಿಲ್ಲ, ಉಸಿರು ಮಾತ್ರ ಇತ್ತು. ಆದರೆ ಮೂರನೆಯ ಪದದ ಮೇಲೆ ತುಸು ನಿಂತು ಮುಂದೆ ಹೋದೆಯಲ್ಲ, ಆ ನಿಲುಗಡೆ ನನ್ನದು. ಸಭೆಯಲ್ಲಿ ಬೇರೆ ಯಾರೂ ಹಾಗೆ ನಿಲ್ಲುವುದಿಲ್ಲ. ನೀನು ಮೇಜಿನ ಕೆಳಗೆ ಆಡುತ್ತಿದ್ದ ವಯಸ್ಸಿನಲ್ಲಿ ನನ್ನ ಬಾಯಿಂದ ಹೆಕ್ಕಿಕೊಂಡದ್ದು ಅದು.

ಒಂದು ಮಾತು ಹೇಳುತ್ತೇನೆ, ದರ್ಜಿಗೆ ಹೇಳಬೇಡ. ನೀನು ದೇವರನ್ನೇ ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಕೆಟ್ಟುಹೋದಳು ಎಂದು ಅತ್ತು ಮುಗಿಸುತ್ತಿದ್ದೆ. ನೀನು ಅದೇ ಹಾಡನ್ನು ಅದೇ ದೇವರಿಗೆ ಹಾಡುತ್ತಾ ಯಾರೋ ಒಬ್ಬಳ ಮಡಿಲಲ್ಲಿ ತಲೆಯಿಟ್ಟುಕೊಂಡು ಮಲಗಿದ್ದೀಯ. ಇದಕ್ಕೆ ಏನೆಂದು ಅಳಲಿ?

ಈಗ ನಾಳೆಯ ವಿಷಯ. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಬರೆದರೆ ನನಗೇ ತಲೆ ಸ್ಪಷ್ಟವಾಗುತ್ತದೆ. ಬಿಟ್ಟುಹೋದವರ ಹೆಸರನ್ನು ಹಿರಿಯರು ಓದುತ್ತಾರೆ. ಕೊನೆಯ ಓದಿನ ದಿನ, ಹೆಸರು ಓದಿದ ಕೂಡಲೇ, ಹೆಂಗಸರ ಕಡೆಯಿಂದ ಒಬ್ಬಳು 'ಈ ಹೆಸರು ನಮ್ಮದಲ್ಲ' ಎಂದು ಎತ್ತಿಕೊಡಬೇಕು. ಅವಳ ಹಿಂದೆ ಸಭೆಯೆಲ್ಲ ಅದನ್ನೇ ಹೇಳುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲೆ ಒಂದೇ ಮೇಜಿನಲ್ಲಿ ಊಟವಿಲ್ಲ, ಕಾಗದವಿಲ್ಲ, ಸತ್ತರೂ ಮುಖ ನೋಡುವ ಹಾಗಿಲ್ಲ. ಎತ್ತಿಕೊಡುವವಳ ದನಿ ಏಳದಿದ್ದರೆ, ದೇವರು ತಡೆದರು ಎಂದು ಆ ಓದನ್ನು ಕೈಬಿಡುತ್ತಾರೆ. ಆ ಮಗ, ಆ ಮಗಳು ಮನೆಗೆ ಬಂದುಹೋಗಬಹುದು. ಹಾಗೆ ಆದದ್ದನ್ನು ನಾನು ಕಂಡಿಲ್ಲ. ಏಕೆಂದರೆ ಅತ್ತೆಯ ನಂತರ ಎತ್ತಿಕೊಡುತ್ತಾ ಬಂದವಳು ನಾನೇ, ನನ್ನ ದನಿ ಒಂದು ಸಲವೂ ಕೈಕೊಟ್ಟಿಲ್ಲ. ನಿನ್ನ ಶಾಲೆಯ ಗೆಳತಿಯ ಹೆಸರು ಓದಿದ ದಿನವೂ ಎತ್ತಿಕೊಟ್ಟೆ. ನೀನು ಬೆಂಚಿನಿಂದ ಎದ್ದು ಎಲ್ಲರ ಮುಂದೆ ಹೊರಗೆ ನಡೆದೆ. ಊಟದ ಹೊತ್ತಿಗೆ ಬರುತ್ತಾಳೆ ಎಂದುಕೊಂಡಿದ್ದೆ.

ನಾಳೆ ಮೂರು ಹೆಸರುಗಳಿವೆ. ಹಿರಿಯರು ಮೊನ್ನೆ ಮನೆಗೆ ಬಂದು, "ನಿಮ್ಮ ಮಗಳದ್ದು ಕೊನೇಲಿ ಓದ್ತೀವಮ್ಮ, ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ನಿಮಗೂ ಹೊತ್ತು ಸಿಗ್ಲಿ," ಎಂದರು. ಬೇರೆಯವರು ಎತ್ತಿಕೊಡಲಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಜಾಗವನ್ನು ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ, ಅದು ಒಂದು. ಇನ್ನೊಂದು, ಬೇರೆಯವಳು ಕೂತರೆ ಅವಳು ಹೇಳಿಯೇ ಹೇಳುತ್ತಾಳೆ.

ನಾನು ಹೇಳುವುದಿಲ್ಲ.

ಮೊದಲ ಎರಡು ಹೆಸರಿಗೆ ಎಂದಿನಂತೆ ಎತ್ತಿಕೊಡುತ್ತೇನೆ. ಮೂರನೆಯದಕ್ಕೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಗಂಟಲು ಕಟ್ಟಿತು ಎನ್ನುತ್ತೇನೆ. ಸ್ವಂತ ಮಗಳ ಹೆಸರಿಗೇ ಗಂಟಲು ಕಟ್ಟಿತೆಂದರೆ ನಂಬುವಷ್ಟು ದಡ್ಡರಲ್ಲ ಹಿರಿಯರು. ನಿನ್ನ ಅಣ್ಣನಿಗೂ ಅದು ಗೊತ್ತು. ಅವನು ಕೆಲಸ ಮಾಡುವ ಮರಗೆಲಸದ ಶೆಡ್ಡು ಸಭೆಯದು, ನಾವಿರುವ ಮನೆಯೂ ಸಭೆಯದು, ಹಿರಿಯರು ಮುನಿದರೆ ಎರಡೂ ಹೋಗುತ್ತವೆ. ನಾನು ಬಾಯಿಬಿಟ್ಟು ಏನನ್ನೂ ಹೇಳದಿದ್ದರೂ ಅವನು ನನ್ನ ಮುಖದಲ್ಲಿ ಓದಿಬಿಟ್ಟ. ನಿನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ, ಒಂದೇ ಮಾತು. ಬಾಯಲ್ಲಿ ಅಂದ್ಬಿಟ್ರೆ ಮನಸ್ಸಲ್ಲಿ ಅಂದ ಹಾಗಾ? ಮಕ್ಕಳನ್ನ ಕರ್ಕೊಂಡು ನಾನೆಲ್ಲಿಗೆ ಹೋಗ್ಲಿ?" ಎಂದ. ನಿನ್ನ ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದಳು, ಹಲಗೆ ಸೀಳುವ ಹಾಗೆ ಹೆಚ್ಚುತ್ತಿದ್ದಳು.

ನಿನ್ನನ್ನು ಉಳಿಸಿಕೊಂಡರೆ ಅವನು ಬೀದಿಗೆ, ಅವನನ್ನು ಉಳಿಸಿಕೊಂಡರೆ ನೀನು ಇಲ್ಲ. ನಿಮ್ಮಪ್ಪ ಇದ್ದಿದ್ದರೆ ಅವರನ್ನು ಬೈದುಕೊಂಡಾದರೂ ಹೊತ್ತು ಕಳೆಯುತ್ತಿತ್ತು. ಎರಡು ರಾತ್ರಿಯಿಂದ ದೇವರನ್ನು ಕೇಳುತ್ತಿದ್ದೇನೆ. ಆ ಡ್ರೈವರಿಗೆ ಅಷ್ಟು ಸಲೀಸಾಗಿ ಮಾತಿಗೆ ಸಿಗುವವರು ನನಗೆ ಸಿಗುತ್ತಿಲ್ಲ.

ಆದರೂ ತೀರ್ಮಾನ ಮಾಡಿದ್ದೇನೆ, ಬದಲಾಯಿಸುವುದಿಲ್ಲ. ನಿನ್ನ ಅಣ್ಣನಿಗೆ ಕೈಕೆಲಸ ಗೊತ್ತು, ಎಲ್ಲಾದರೂ ಬದುಕುತ್ತಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಇದಕ್ಕಾಗಿ ನೀನು ನನಗೆ ಉಪಕಾರ ಹೇಳಬೇಕಾಗಿಲ್ಲ. ನೀನು ಮಾಡಿದ್ದು ಸರಿ ಎಂದೂ ನಾನು ಒಪ್ಪಿಲ್ಲ. ಮನೆಗೆ ಬಂದಾಗ ತಲೆಗೆ ಬಟ್ಟೆ ಹೊದ್ದುಕೊಂಡೇ ಬರಬೇಕು.

ಇಂತಿ,
ನಿನ್ನನ್ನು ಹೆತ್ತವಳು

ತಾ.ಕ. ಇಂದು ಭಾನುವಾರ ಸಂಜೆ. ನಿನ್ನೆ ಬರೆದದ್ದನ್ನು ಅಂಚೆಗೆ ಹಾಕಲು ಆಗಲಿಲ್ಲ, ನಿನ್ನ ಅತ್ತಿಗೆ ಬಾಗಿಲಲ್ಲೇ ಕೂತಿದ್ದಳು. ಹರಿದುಹಾಕುವ ಬದಲು ಕೆಳಗೆ ಸೇರಿಸುತ್ತಿದ್ದೇನೆ.

ಹಿರಿಯರಿಗೆ ಜ್ವರ ಬಂದು ಅವರ ಬಾಮೈದ ಓದಲು ನಿಂತ. ಯಾರದ್ದು ಕೊನೆಯಲ್ಲಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೊದಲ ಹೆಸರಿಗೆ ಎತ್ತಿಕೊಟ್ಟೆ, ಎಲ್ಲರೂ ಹೇಳಿದರು. ಅದರ ಸದ್ದು ಇಳಿಯುವ ಮೊದಲೇ ಅವನು ಎರಡನೆಯದನ್ನು ಓದಿದ. ನಾನು ಮೂರನೆಯದಕ್ಕೆ ಹಲ್ಲು ಕಚ್ಚಲು ಸಿದ್ಧಳಾಗುತ್ತಿದ್ದೆ, ಎರಡನೆಯದನ್ನು ಕಿವಿಗೊಟ್ಟು ಕೇಳಲೇ ಇಲ್ಲ. ಇಷ್ಟು ವರ್ಷದ ರೂಢಿ. ಓದುವವನ ದನಿ ನಿಂತರೆ ನನ್ನ ದನಿ ಏಳುತ್ತದೆ. ಎದ್ದಿತು. ಸ್ಪಷ್ಟವಾಗಿ, ಮೂಲೆಯ ಬೆಂಚಿಗೂ ಕೇಳುವ ಹಾಗೆ ಎದ್ದಿತು. ಸಭೆಯೆಲ್ಲ ನನ್ನ ಹಿಂದೆ ಹೇಳುತ್ತಿರುವಾಗ ಅದು ನಿನ್ನ ಹೆಸರು ಎಂದು ತಿಳಿಯಿತು. ಗಂಡಸರ ಕಡೆ ನಿನ್ನ ಅಣ್ಣ ಮುಖ ಮುಚ್ಚಿಕೊಂಡಿದ್ದ.

ಆಮೇಲೆ ಮೂರನೆಯ ಹೆಸರು ಓದಿದರು, ಗಡಿಯಾರ ರಿಪೇರಿಯವನ ಮಗನದು. ನನಗೆ ಬಾಯಿ ತೆರೆಯಲು ಆಗಲಿಲ್ಲ. ನಿಜವಾಗಿಯೂ ಆಗಲಿಲ್ಲ. ಎಲ್ಲರೂ ಕಾದರು. ಕೊನೆಗೆ ಆ ಬಾಮೈದ, ದೇವರು ತಡೆದರು ಎಂದು ಹೇಳಿ ಕಾಗದ ಮಡಚಿಟ್ಟ. ಯಾರಿಗೂ ಅನುಮಾನ ಬರಲಿಲ್ಲ. ಸ್ವಂತ ಮಗಳಿಗೆ ಹೇಳಿದವಳು ಊರವರ ಮಗನಿಗಾಗಿ ನಾಟಕ ಆಡುತ್ತಾಳೆಯೇ?

ಹೊರಗೆ ಬಂದಾಗ ಗಡಿಯಾರದವನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಅವಳ ಮಗ ನಾಳೆ ಮಧ್ಯಾಹ್ನ ಮನೆಗೆ ಊಟಕ್ಕೆ ಬರುತ್ತಾನಂತೆ. "ನೀವೂ ಬರ್ಬೇಕು, ಅವನ ಪಕ್ಕದಲ್ಲೇ ಕೂರಿಸ್ತೀನಿ," ಎಂದಳು. ಆಗಲಿ ಎಂದೆ.