ವ್ರೇನಿಯ ವೇದಿಕೆಯಲ್ಲಿ ಅಣ್ಣನ ಪ್ರಾರ್ಥನೆ

೧೨ ಆಗಸ್ಟ್ ೨೦೨೩, ಶನಿವಾರ

ವ್ರೇನಿಯ ಗಾಯನಕ್ಕೆ ನಲವತ್ತು ವರ್ಷವಂತೆ. ಪತ್ರಿಕೆಗಳಿಗೆ ಅವಳು ‘ಆಲ್ಪ್ಸ್‌ನ ಕೊರಳು’. ದನಗಾಹಿಗಳು ಬೆಟ್ಟದ ಮೇಲೆ ನಿಂತು ಕೂಗುವ ಸಂಜೆಯ ಪ್ರಾರ್ಥನೆಯನ್ನು ನಮ್ಮ ಶಾಲೆಯಲ್ಲಿ ‘ಕತ್ತೆ ಅರಚಾಟ’ ಎಂದು ನಕ್ಕವಳು ಇವಳೇ. ನಾನು ಮರೆತಿಲ್ಲ.

ಇವತ್ತು ಊರಲ್ಲಿ ನಡೆದ ಸಂಭ್ರಮದ ಕಛೇರಿಗೆ ಅದೇ ಪ್ರಾರ್ಥನೆ ಬೇಕೆಂದು, ದನ ಕಾಯುವ ನನ್ನಣ್ಣ ಮೈನ್ರಾಡನನ್ನು ಬೆಟ್ಟದಿಂದ ಇಳಿಸಿ ವೇದಿಕೆ ಹತ್ತಿಸಿದಳು. ಅವನು ಬೆಟ್ಟದಲ್ಲಿ ದನಿ ದೂರ ಮುಟ್ಟಲೆಂದು ಮಾಡುವಂತೆಯೇ ಹಾಲು ಸೋಸುವ ಲಾಳಿಕೆಯನ್ನು ಬಾಯಿಗಿಟ್ಟು, ಹಸುಗಳನ್ನು ಕಾಯೆಂದು ದೇವರನ್ನು ಕೂಗಿದ. ಅಷ್ಟರಲ್ಲಿ ಡ್ರಮ್ ಶುರುವಾಯಿತು. ಜನ ತಾಳಕ್ಕೆ ಚಪ್ಪಾಳೆ ತಟ್ಟಿದರು. ಅಣ್ಣ ನಿಲ್ಲಿಸಿಬಿಟ್ಟ.

“ಯಾಕೋ ಮೈನ್ರಾಡ್, ಮರ್ತೋಯ್ತಾ?” ಎಂದಳು ಮೈಕಿನಲ್ಲಿ, ಹಲ್ಲು ಬಿಡುತ್ತ.

“ನಾನು ಕೂಗಿದ್ದು ನಿಮಗ್ಯಾರಿಗೂ ಅಲ್ಲ ಕಣೇ. ಮೇಲೆ ಹಸುಗಳು ಕಾಯ್ತಿವೆ,” ಎಂದು ಅವನು ಇಳಿದು ನಡೆದ.

ಉಳಿದದ್ದನ್ನು ಅವಳೇ ಸೊಂಟ ಕುಣಿಸುತ್ತ ಮುಗಿಸಿದಳು. ಥೂ.

ರಾತ್ರಿ ಗಂಟೆ ಹನ್ನೊಂದು. ಬೆಟ್ಟದ ಮೇಲಿಂದ ಅಣ್ಣನ ಕೂಗು ಕೇಳುತ್ತಿದೆ, ಮತ್ತೆ ಮೊದಲ ಸಾಲಿನಿಂದ. ಪೂರ್ತಿ ಕೇಳಬೇಕು. ದೀಪ ಆರಿಸುತ್ತೇನೆ.