ಒಳಗೇ ಕಟ್ಟಿದ ರಕ್ತ

ಮಂಗಳವಾರ, ೧೨

ಇವತ್ತು ಆಪರೇಷನ್ ಮಾಡಿದ ಹುಡುಗಿಯ ಹಳೆಯ ಫೈಲಿನಲ್ಲಿರುವುದು ನನ್ನದೇ ಅಕ್ಷರ: "ಮುಟ್ಟಿನ ನೋವು, ಸಹಜ." ಎರಡು ವರ್ಷದ ಹಿಂದೆ ಅಜ್ಜಿಯ ಜೊತೆ ಬಂದಿದ್ದ ಅವಳಿಗೆ ಮಾತ್ರೆ ಕೊಟ್ಟು ಕಳಿಸಿದವಳು ನಾನೇ. ಹುಟ್ಟಿನಿಂದ ಒಂದೇ ಮೂತ್ರಪಿಂಡ ಎಂದು ಅದೇ ಪುಟದಲ್ಲಿತ್ತು. ಅಂಥವರ ಗರ್ಭಕೋಶದಲ್ಲೂ ದೋಷವಿರಬಹುದು, ಸ್ಕ್ಯಾನ್ ಮಾಡಿಸಬೇಕೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನಗೆ ಅಂದು ಹೊಳೆಯಲಿಲ್ಲ.

ಅವಳಿಗೆ ಗರ್ಭಕೋಶ ಎರಡು. ಒಂದರಿಂದ ಮುಟ್ಟಿನ ರಕ್ತ ಸರಿಯಾಗಿ ಹೊರಹೋಗುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಇನ್ನೊಂದರ ದಾರಿಗೆ ಪೊರೆ ಅಡ್ಡವಿತ್ತು. ರಕ್ತ ತಿಂಗಳು ತಿಂಗಳೂ ಒಳಗೇ ಕಟ್ಟಿಕೊಂಡಿತ್ತು. ಇವತ್ತು ಆ ಪೊರೆಯನ್ನು ಕತ್ತರಿಸಿ ತೆಗೆದೆ. ಇನ್ನು ನೋವು ಇರಲಾರದು. ಆದರೆ ಆ ಬದಿಯ ಅಂಡನಾಳ ಪೂರ್ತಿ ಕೆಟ್ಟುಹೋಗಿದೆ.

ಸಂಜೆ ವಾರ್ಡಿನಲ್ಲಿ ಹುಡುಗಿ, "ನಾನು ನಾಟಕ ಆಡ್ತಿರ್ಲಿಲ್ಲ ಅಂತ ಅಮ್ಮಂಗೆ ಹೇಳಿ ಡಾಕ್ಟ್ರೇ," ಎಂದಳು. ಹೇಳಿದೆ.

ತಾಯಿ ಅಳತೊಡಗಿದಳು. "ಸ್ಕೂಲಿಗೆ ಚಕ್ಕರ್ ಹಾಕೋಕೆ ಹೀಗಾಡ್ತಾಳೆ ಅಂತ ಹೊಡೆದೂ ಇದ್ದೀನಿ ಮೇಡಂ. ನೀವೊಬ್ರಾದ್ರೂ ಇವಳ ಮಾತು ನಂಬಿದ್ರಲ್ಲ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಆಗಲೇ ನಿಜ ಹೇಳಬೇಕಿತ್ತು. "ಸಮಾಧಾನ ಮಾಡ್ಕೊಳ್ಳಿ," ಎಂದಷ್ಟೇ ಅಂದೆ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ನೆನಪಿದೆ. ಆದರೂ ತಾಯಿಯ ಮುಂದೆ ತುಟಿ ಬಿಚ್ಚಲಿಲ್ಲ. ನಾಳೆ ಅವಳ ಹಾಸಿಗೆಯ ಬಳಿ ಹೋದಾಗ ಮೊದಲ ಮಾತು ಏನಾಡಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.